ರಿಗ್ರೆಷನ್ ಪಾಠಕ್ಕೆ ಪೀಣ್ಯದ ಶೆಡ್ಡು

ಹೊಸ ಕಾಲದ ಸಂಖ್ಯಾಶಾಸ್ತ್ರ ವಿಧಾನಗಳನ್ನು ಕಂಪ್ಯೂಟರಿಗೆ ಕೊಡುವ ಆಜ್ಞೆಗಳಾಗಿ ಕಲಿತರೆ ಸಾಲದು, ಅವು ಯಾವ ತೊಂದರೆಯಿಂದ ಹುಟ್ಟಿದವು ಎಂಬುದನ್ನೂ ನೋಡಬೇಕು. ಅದಕ್ಕೆ ಬೇಕಾದದ್ದೆಲ್ಲ ಬೆಂಗಳೂರಿನ ಹೊರವಲಯದಲ್ಲೇ ಇದೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಡೇಟಾ ವಿಶ್ಲೇಷಣೆಯ ಕೆಲಸ ಬಯಸುವ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ ವಿಷಯ ರಿಗ್ರೆಷನ್. ಒಂದು ಫಲಿತಾಂಶದ ಏರಿಳಿತದಲ್ಲಿ ಯಾವ ಯಾವ ಅಂಶಗಳ ಪಾಲು ಎಷ್ಟೆಷ್ಟು ಎಂದು ಅಂಕಿಗಳಿಂದ ಅಳೆಯುವ ವಿದ್ಯೆ ಅದು. ಮನೆ ಬಾಡಿಗೆ, ಸಾಲದ ಮರುಪಾವತಿ, ಯಂತ್ರದ ಆಯುಷ್ಯ, ರೋಗಿಯ ಚೇತರಿಕೆ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಕಳೆದ ಐದಾರು ದಶಕಗಳಲ್ಲಿ ಈ ವಿದ್ಯೆ ರಿಡ್ಜ್, ಲ್ಯಾಸೊ, ಜನರಲೈಸ್ಡ್ ಲೀನಿಯರ್ ಮಾಡೆಲ್, ಕ್ವಾಂಟೈಲ್ ರಿಗ್ರೆಷನ್, ರ‍್ಯಾಂಡಮ್ ಫಾರೆಸ್ಟ್ ಎಂದು ಹತ್ತಾರು ಕವಲಾಗಿ ಬೆಳೆದಿದೆ. ಆರ್ ಅಥವಾ ಪೈಥಾನ್‌ನಲ್ಲಿ ಇವುಗಳಲ್ಲಿ ಯಾವುದನ್ನು ನಡೆಸಲೂ ಒಂದೆರಡು ಸಾಲು ಬರೆದರೆ ಸಾಕು. ಈ ಸುಲಭವೇ ಇಂದು ಕಲಿಕೆಗೆ ತೊಡಕಾಗಿದೆ ಎಂಬುದು ಈ ಲೇಖನದ ವಾದ. ಪ್ರತಿಯೊಂದು ಹೊಸ ವಿಧಾನವೂ ಯಾವುದೋ ಒಂದು ತೊಂದರೆಗೆ ಕಂಡುಕೊಂಡ ಉತ್ತರ. ತೊಂದರೆಯನ್ನು ನೋಡದೆ ಉತ್ತರವನ್ನಷ್ಟೇ ಕಲಿತವರಿಗೆ ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಕೈಬಿಡಬೇಕು ಎಂಬ ವಿವೇಚನೆ ಬರುವುದಿಲ್ಲ. ಆ ತೊಂದರೆಗಳನ್ನು ಕಣ್ಣಾರೆ ನೋಡಲು ಬೆಂಗಳೂರಿನ ವಿದ್ಯಾರ್ಥಿ ದೂರ ಹೋಗಬೇಕಾಗಿಯೂ ಇಲ್ಲ, ಪೀಣ್ಯ ಕೈಗಾರಿಕಾ ಪ್ರದೇಶದವರೆಗೆ ಹೋದರೆ ಸಾಕು.

ಈ ವಿಧಾನಗಳು ಹುಟ್ಟಿದ ಜಾಗಗಳನ್ನೇ ಗಮನಿಸೋಣ. 1801ರಲ್ಲಿ ಕಂಡು ಮರೆಯಾದ ಸಿರೀಸ್ ಎಂಬ ಪುಟ್ಟ ಆಕಾಶಕಾಯ ಮತ್ತೆ ಎಲ್ಲಿ ಕಾಣಿಸೀತು ಎಂದು ಗೌಸ್ ಲೆಕ್ಕ ಹಾಕಿದ. ಧೂಮಕೇತುಗಳ ಕಕ್ಷೆ ಗುರುತಿಸುವ ಪ್ರಯತ್ನದಲ್ಲಿ ಲೆಜಾಂಡ್ರ್ 1805ರಲ್ಲಿ ಕನಿಷ್ಠ ವರ್ಗಗಳ ವಿಧಾನವನ್ನು ಪ್ರಕಟಿಸಿದ. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ 1950ರ ದಶಕದಲ್ಲಿ ಎದುರಿಸಿದ್ದು ಇನ್ನೊಂದು ಬಗೆಯ ತೊಂದರೆ. ಹಿರೋಶಿಮಾ, ನಾಗಸಾಕಿಯ ಬಾಂಬ್ ಸಂತ್ರಸ್ತರ ಅಂಕಿಅಂಶಗಳನ್ನು ವಿಶ್ಲೇಷಿಸುವಾಗ, ಸಮೀಕರಣ ಬಿಡಿಸಲು ಬೇಕಾದ ಮಾತೃಕೆಗೆ ವಿಲೋಮವೇ ಇರಲಿಲ್ಲ. ಆ ಕಗ್ಗಂಟಿನಿಂದ ಹೊರಟ ಚಿಂತನೆಯೇ ಸಾಮಾನ್ಯೀಕೃತ ವಿಲೋಮದ ಸಿದ್ಧಾಂತವಾಗಿ ಬೆಳೆಯಿತು. ಅದರ ಬಗ್ಗೆ ಅವರು ಸುಜಿತ್ ಕುಮಾರ್ ಮಿತ್ರ ಜೊತೆ ಬರೆದ ಗ್ರಂಥ 1971ರಲ್ಲಿ ಬಂತು. ರಿಡ್ಜ್ ರಿಗ್ರೆಷನ್ ಕೊಟ್ಟ ಹೋರ್ಲ್ ಮತ್ತು ಕೆನಾರ್ಡ್ ರಾಸಾಯನಿಕ ಕಾರ್ಖಾನೆಗಳ ಕಂಪನಿ ಡುಪಾಂಟ್‌ನಲ್ಲಿದ್ದವರು. 1970ರ ಅವರ ಪ್ರಬಂಧದ ಹಿಂದೆ ಕಾರ್ಖಾನೆಯ ಅಂಕಿಗಳು ಒಂದಕ್ಕೊಂದು ಅಂಟಿಕೊಂಡು ಬರುವ ಸಮಸ್ಯೆಯಿತ್ತು. ಜನರಲೈಸ್ಡ್ ಲೀನಿಯರ್ ಮಾಡೆಲ್ 1972ರಲ್ಲಿ ಬಂದದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ನೆಲ್ಡರ್ ಮತ್ತು ವೆಡರ್‌ಬರ್ನ್ ಅವರಿಂದ. 1996ರಲ್ಲಿ ಟಿಬ್ಷಿರಾನಿ ಲ್ಯಾಸೊ ವಿಧಾನವನ್ನು ವಿವರಿಸುವಾಗ ಉದಾಹರಣೆಯಾಗಿ ಇಟ್ಟದ್ದು 97 ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ದಾಖಲೆಯನ್ನು. ಆಕಾಶ, ಹೊಲ, ಆಸ್ಪತ್ರೆ, ಕಾರ್ಖಾನೆ: ಎಲ್ಲ ಕಡೆಯೂ ತೊಂದರೆ ಮೊದಲು, ಸೂತ್ರ ಆಮೇಲೆ. ನಮ್ಮ ತರಗತಿಗಳಲ್ಲಿ ಈ ಕ್ರಮ ತಿರುವುಮುರುವಾಗಿದೆ.

ಪ್ಲೇಟಿಂಗ್ ಟ್ಯಾಂಕಿನ ಲೆಕ್ಕ

ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡದ್ದು 1970ರ ದಶಕದಲ್ಲಿ. ಪಕ್ಕದ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಬಿಇಎಲ್ ಅದಕ್ಕೂ ಎರಡು ದಶಕ ಮೊದಲೇ ನೆಲೆಯೂರಿದ್ದವು. ಅಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಾವಿರಾರು ಸಣ್ಣ, ಮಧ್ಯಮ ಘಟಕಗಳು ಇಲ್ಲಿ ಬೆಳೆದವು. ಟರ್ನಿಂಗ್, ಗ್ರೈಂಡಿಂಗ್, ಡೈ ಕಾಸ್ಟಿಂಗ್, ಪೌಡರ್ ಕೋಟಿಂಗ್, ಎಲೆಕ್ಟ್ರೋಪ್ಲೇಟಿಂಗ್, ಗಾರ್ಮೆಂಟ್ಸ್ ಹೀಗೆ ಇಲ್ಲಿ ನಡೆಯದ ಕೆಲಸ ಕಡಿಮೆ. ಈ ಪೈಕಿ ಸತು ಲೇಪಿಸುವ ಪ್ಲೇಟಿಂಗ್ ಟ್ಯಾಂಕೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೋಲ್ಟಿನ ಮೇಲೆ ಕೂರುವ ಲೇಪನದ ದಪ್ಪವನ್ನು ಮೈಕ್ರಾನ್‌ಗಳಲ್ಲಿ ಅಳೆಯುತ್ತಾರೆ. ಅದು ಹರಿಸಿದ ಕರೆಂಟು, ಮುಳುಗಿಸಿಟ್ಟ ಸಮಯ, ದ್ರಾವಣದ ಉಷ್ಣತೆ, ಅದರ ಆಮ್ಲೀಯತೆ, ಒಂದು ಸಲಕ್ಕೆ ಇಳಿಸಿದ ಮಾಲಿನ ಮೇಲ್ಮೈ ಇವುಗಳ ಮೇಲೆ ನಿಂತಿದೆ. ಕರೆಂಟು ಮತ್ತು ಸಮಯದ ಗುಣಲಬ್ಧಕ್ಕೆ ತಕ್ಕಂತೆ ಲೋಹ ಕೂರುತ್ತದೆ ಎಂದು ಮೈಕೆಲ್ ಫ್ಯಾರಡೆ 1830ರ ದಶಕದಲ್ಲೇ ತೋರಿಸಿಕೊಟ್ಟ. ಎರಡೂ ಕಡೆ ಲಾಗರಿದಮ್ ತೆಗೆದರೆ ಗುಣಾಕಾರ ಕೂಡುವ ಲೆಕ್ಕವಾಗುತ್ತದೆ, ರಿಗ್ರೆಷನ್‌ಗೆ ಹೇಳಿ ಮಾಡಿಸಿದ ಸರಳರೇಖೆ ಸಿಗುತ್ತದೆ. ಸಮಯಕ್ಕೂ ಕರೆಂಟಿಗೂ ಸಿಗುವ ಗುಣಾಂಕಗಳು ಧನಾತ್ಮಕವಾಗಿ, ಒಂದರ ಆಸುಪಾಸಿನಲ್ಲಿ ಇರಬೇಕು ಎಂಬುದು ಲೆಕ್ಕ ಮಾಡುವ ಮೊದಲೇ ಗೊತ್ತಿರುವ ಸಂಗತಿ.

ಆದರೆ ಘಟಕದ ಶಿಫ್ಟ್ ರಿಜಿಸ್ಟರಿನಲ್ಲಿರುವ ಅಂಕಿಗಳನ್ನು ಹಾಗೆಯೇ ಹಾಕಿ ಕನಿಷ್ಠ ವರ್ಗಗಳ ವಿಧಾನ ಬಳಸಿದರೆ ಸಮಯದ ಗುಣಾಂಕ ಋಣಾತ್ಮಕವಾಗಿಯೂ ಬರಬಹುದು. ಹೆಚ್ಚು ಹೊತ್ತು ಮುಳುಗಿಸಿದರೆ ಲೇಪನ ತೆಳುವಾಗುತ್ತದೆ ಎಂದು ಅರ್ಥ ಕೊಡುವ ಉತ್ತರ ಅದು. ಕಾರಣ ಟ್ಯಾಂಕಿನ ಪಕ್ಕ ನಿಂತವರಿಗೆ ಸುಲಭವಾಗಿ ತಿಳಿಯುತ್ತದೆ. ಕರೆಂಟು ಜಾಸ್ತಿಯಾದರೆ ಬಿಡಿಭಾಗದ ಅಂಚುಗಳು ಸುಟ್ಟು ಕಪ್ಪಾಗುತ್ತವೆ. ಆದ್ದರಿಂದ ಸೂಕ್ಷ್ಮ ಅಂಚಿನ ಮಾಲು ಬಂದಾಗ ಸೂಪರ್‌ವೈಸರ್ ಕರೆಂಟು ಇಳಿಸಿ ಸಮಯ ಹೆಚ್ಚಿಸುತ್ತಾರೆ. ಒಂದು ಇಳಿದಾಗಲೆಲ್ಲ ಇನ್ನೊಂದು ಏರುವುದರಿಂದ ಎರಡರ ಪರಿಣಾಮವನ್ನು ಬೇರ್ಪಡಿಸುವ ಮಾಹಿತಿಯೇ ರಿಜಿಸ್ಟರಿನಲ್ಲಿ ಇರುವುದಿಲ್ಲ. ಪಠ್ಯಪುಸ್ತಕ ಇದನ್ನು ಮಲ್ಟಿಕೊಲಿನಿಯಾರಿಟಿ ಎನ್ನುತ್ತದೆ. ಹತ್ತು ಸಾಲು ಅಂಕಿ ಸೇರಿಸಿದರೆ ಅಥವಾ ತೆಗೆದರೆ ಗುಣಾಂಕಗಳು ಅತ್ತಿಂದಿತ್ತ ಹೊಯ್ದಾಡುತ್ತವೆ. ರಿಡ್ಜ್ ರಿಗ್ರೆಷನ್ ಇಲ್ಲಿ ನೆರವಿಗೆ ಬರುತ್ತದೆ: ಗುಣಾಂಕಗಳು ಅತಿಯಾಗಿ ದೊಡ್ಡದಾಗದಂತೆ ಬಿಗಿ ಹಿಡಿದು, ಸ್ವಲ್ಪ ಪಕ್ಷಪಾತವನ್ನು, ಅಂದರೆ ಅಂದಾಜು ನಿಜಬೆಲೆಯಿಂದ ಒಂದು ಬದಿಗೆ ಸರಿಯುವುದನ್ನು, ಒಪ್ಪಿಕೊಂಡು, ಆ ಹೊಯ್ದಾಟವನ್ನು ಬಹಳಷ್ಟು ತಗ್ಗಿಸುತ್ತದೆ. ಈ ಕೊಡು-ಕೊಳ್ಳುವಿಕೆ ಏಕೆ ಬೇಕು ಎಂಬುದು ಟ್ಯಾಂಕಿನ ಮುಂದೆ ತಾನಾಗಿ ಮನದಟ್ಟಾಗುತ್ತದೆ. ಪರದೆಯ ಮೇಲಿನ ಅಂಕಿಗಳನ್ನಷ್ಟೇ ನೋಡಿದವರಿಗೆ ಅದು ಪರೀಕ್ಷೆಗೆ ಬಾಯಿಪಾಠ ಮಾಡುವ ಸೂತ್ರವಾಗಿ ಉಳಿಯುತ್ತದೆ.

ಇದಕ್ಕಿಂತ ಆಳದ ಪಾಠವೂ ಅದೇ ಟ್ಯಾಂಕಿನಲ್ಲಿದೆ. ಬ್ರಿಟನ್ನಿನ ರಾಸಾಯನಿಕ ಕಂಪನಿ ಐಸಿಐನಲ್ಲಿ ಕೆಲಸ ಮಾಡಿದ್ದ ಜಾರ್ಜ್ ಬಾಕ್ಸ್ 1966ರಲ್ಲಿ ರಿಗ್ರೆಷನ್ನಿನ ಬಳಕೆ, ದುರ್ಬಳಕೆಯ ಬಗ್ಗೆ ಒಂದು ಪ್ರಬಂಧ ಬರೆದರು. ನಡೆಯುತ್ತಿರುವ ಕಾರ್ಖಾನೆಯಲ್ಲಿ ಯಾವ ಅಂಶ ಅತಿ ಮುಖ್ಯವೋ ಅದನ್ನೇ ಕೆಲಸಗಾರರು ಅತ್ಯಂತ ಬಿಗಿಯಾಗಿ ಕಾಯುತ್ತಾರೆ. ಹಾಗೆ ಕಾದುಕೊಂಡದ್ದರಿಂದಲೇ ದಾಖಲೆಯಲ್ಲಿ ಆ ಅಂಶ ಏರಿಳಿಯುವುದಿಲ್ಲ. ಏರಿಳಿಯದ ಅಂಶದ ಪರಿಣಾಮವನ್ನು ರಿಗ್ರೆಷನ್ ಕಾಣಲಾರದು, ಅದನ್ನು ಮುಖ್ಯವಲ್ಲ ಎಂದು ತಳ್ಳಿಹಾಕಿಬಿಡುತ್ತದೆ. ದ್ರಾವಣದ ಆಮ್ಲೀಯತೆಯನ್ನು ಹಗಲಿರುಳು ಒಂದೇ ಮಟ್ಟದಲ್ಲಿ ಕಾಯ್ದಿಟ್ಟ ಘಟಕದ ಅಂಕಿಗಳು ಆಮ್ಲೀಯತೆಯಿಂದ ಏನೂ ಆಗುವುದಿಲ್ಲ ಎನ್ನುತ್ತವೆ. ಮುಖ್ಯವಲ್ಲವೆಂದು ಕಂಡ ಅಂಶಗಳನ್ನು ಕೈಬಿಡುವ ಲ್ಯಾಸೊ ಅದರ ಗುಣಾಂಕವನ್ನು ಸೊನ್ನೆ ಮಾಡುತ್ತದೆ. ಅದನ್ನು ನಂಬಿ ಆಮ್ಲೀಯತೆಯ ತಪಾಸಣೆ ನಿಲ್ಲಿಸಿದರೆ ಇಡೀ ಲಾಟ್ ರಿಜೆಕ್ಟ್ ಆಗುತ್ತದೆ. ಈ ತಪ್ಪನ್ನು ಇನ್ನಷ್ಟು ಚುರುಕಾದ ವಿಧಾನ ಸರಿಪಡಿಸಲಾರದು. ಟ್ಯಾಂಕಿನ ಸೆಟ್ಟಿಂಗನ್ನು ಯೋಜನೆಯಂತೆ ಬದಲಿಸಿ ನೋಡುವ ಪ್ರಯೋಗವೇ ಬೇಕು. ಯಾವ ಪ್ರಶ್ನೆಗೆ ಇರುವ ದಾಖಲೆ ಸಾಕು, ಯಾವುದಕ್ಕೆ ಪ್ರಯೋಗ ಮಾಡಲೇಬೇಕು ಎಂದು ಬೇರ್ಪಡಿಸಿ ಹೇಳಬಲ್ಲವರೇ ಸಂಖ್ಯಾಶಾಸ್ತ್ರಜ್ಞರು.

ಒಂದು ಮಷಿನ್ ಶಾಪ್, ಅರ್ಧ ಪಠ್ಯಕ್ರಮ

ಪ್ಲೇಟಿಂಗ್ ಘಟಕದ ಪಕ್ಕದ ಸಿಎನ್‌ಸಿ ಶಾಪಿಗೆ ಹೋದರೆ ಸ್ನಾತಕೋತ್ತರ ಪಠ್ಯಕ್ರಮದ ಇನ್ನಷ್ಟು ಅಧ್ಯಾಯಗಳು ತೆರೆಯುತ್ತವೆ. ಕತ್ತರಿಸುವ ವೇಗಕ್ಕೂ ಟೂಲಿನ ಆಯುಷ್ಯಕ್ಕೂ ಇರುವ ಸಂಬಂಧವನ್ನು ಎಫ್.ಡಬ್ಲ್ಯೂ. ಟೇಲರ್ 1907ರಲ್ಲಿ ಸಮೀಕರಣವಾಗಿ ಬರೆದ. ಅದೂ ಲಾಗರಿದಮ್ ತೆಗೆದರೆ ಸರಳರೇಖೆಯೇ. ಕಾರ್ಬೈಡ್ ಇನ್‌ಸರ್ಟ್‌ಗಳಿಗೆ ಸಾಮಾನ್ಯವಾಗಿ ಬಳಸುವ ಘಾತಾಂಕ 0.25 ಎಂದಿಟ್ಟುಕೊಂಡರೆ, ವೇಗವನ್ನು ಶೇ 20ರಷ್ಟು ಏರಿಸಿದಾಗ ಟೂಲಿನ ಆಯುಷ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆ ಘಾತಾಂಕವನ್ನು ಅಂಕಿಗಳಿಂದ ಅಂದಾಜು ಮಾಡುವುದು ಎಂ.ಎಸ್ಸಿ. ವಿದ್ಯಾರ್ಥಿಗೆ ಒಳ್ಳೆಯ ಮೊದಲ ಅಭ್ಯಾಸ. ಆದರೆ ಶಾಪಿನಲ್ಲಿ ಇನ್‌ಸರ್ಟ್ ಮುರಿಯುವವರೆಗೂ ಕಾಯುವುದಿಲ್ಲ, ಇಂತಿಷ್ಟು ಪೀಸ್ ಆದ ಕೂಡಲೇ ಬದಲಿಸಿಬಿಡುತ್ತಾರೆ. ಹಾಗೆ ತೆಗೆದ ಇನ್‌ಸರ್ಟ್ ಇನ್ನೆಷ್ಟು ಹೊತ್ತು ಬಾಳುತ್ತಿತ್ತೋ ದಾಖಲೆಯಲ್ಲಿ ಇರುವುದಿಲ್ಲ. ಬದಲಿಸಿದ ಹೊತ್ತನ್ನೇ ಆಯುಷ್ಯ ಎಂದುಕೊಂಡರೆ ಅಂದಾಜು ಕೆಳಕ್ಕೆ ಜಾರುತ್ತದೆ. ಆಸ್ಪತ್ರೆಯಲ್ಲಿ ಅಧ್ಯಯನ ಮುಗಿಯುವ ವೇಳೆಗೆ ಬದುಕಿದ್ದ ರೋಗಿಗಳ ಲೆಕ್ಕಕ್ಕೂ ಇದೇ ತೊಡಕು ಇದೆ. ಡೇವಿಡ್ ಕಾಕ್ಸ್ 1972ರಲ್ಲಿ ಕೊಟ್ಟ ಮಾದರಿ ಇಂಥ ಅರ್ಧ ತಿಳಿದ ಆಯುಷ್ಯಗಳನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಒಂದು ಲಾಟಿನಲ್ಲಿ ಎಷ್ಟು ದೋಷಗಳು ಎಂದು ಎಣಿಸಿದರೆ ಅದು ಪೂರ್ಣಾಂಕ, ಸೊನ್ನೆಗಿಂತ ಕೆಳಗೆ ಇಳಿಯಲಾರದು. ಅದಕ್ಕೆ ಪಾಯಿಸನ್ ರಿಗ್ರೆಷನ್ ಬೇಕು. ಪಾಸ್ ಅಥವಾ ರಿಜೆಕ್ಟ್ ಎಂದಷ್ಟೇ ಗುರುತಿಸಿದರೆ ಲಾಜಿಸ್ಟಿಕ್ ರಿಗ್ರೆಷನ್. ಒಂದೇ ಮಷಿನ್‌ನಲ್ಲಿ, ಒಂದೇ ಶಿಫ್ಟಿನಲ್ಲಿ, ಒಂದೇ ಲಾಟಿನ ಕಬ್ಬಿಣದಿಂದ ಮಾಡಿದ ಐವತ್ತು ಪೀಸುಗಳು ಒಂದನ್ನೊಂದು ಹೋಲುತ್ತವೆ. ಅವುಗಳನ್ನು ಐವತ್ತು ಸ್ವತಂತ್ರ ಸಾಕ್ಷಿಗಳೆಂದು ಎಣಿಸಿದರೆ ನಮಗೆ ಇರುವುದಕ್ಕಿಂತ ಹೆಚ್ಚಿನ ಖಚಿತತೆ ಇದೆ ಎಂಬ ಭ್ರಮೆ ಹುಟ್ಟುತ್ತದೆ. ಇಂಥ ಗುಂಪುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಕ್ಸೆಡ್ ಮಾಡೆಲ್ ಕಲಿಯಬೇಕಾದದ್ದು ಇದಕ್ಕೇ. ಹೀಗೆ ಒಂದೇ ಶಾಪಿನ ದಾಖಲೆಯಲ್ಲಿ ಅರ್ಧ ಪಠ್ಯಕ್ರಮ ಅಡಗಿದೆ. ಪ್ರತಿ ಅಧ್ಯಾಯಕ್ಕೂ ಅದು ಯಾಕೆ ಬೇಕಾಯಿತು ಎಂಬ ಕಾರಣ ಜೊತೆಯಲ್ಲೇ ಸಿಗುತ್ತದೆ.

ಐಟಿ ವಲಯದ ಕಡೆಯೂ ಇಂಥ ಪಾಠಗಳಿಗೆ ಬರವಿಲ್ಲ. ಬೊಮ್ಮಸಂದ್ರದವರೆಗಿನ ಹಳದಿ ಮೆಟ್ರೊ ಮಾರ್ಗ ಶುರುವಾದದ್ದು 2025ರ ಆಗಸ್ಟ್‌ನಲ್ಲಿ. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹಿಡಿಯುವ ಸಮಯವನ್ನು ಅದಕ್ಕೂ ಹಿಂದಿನ ಅಂಕಿಗಳಿಂದ ಊಹಿಸುವ ಮಾದರಿ ಎಷ್ಟೇ ನಿಖರವಾಗಿದ್ದರೂ, ಆಮೇಲಿನ ದಿನಗಳಿಗೆ ಅದನ್ನು ಮರುಪರೀಕ್ಷೆಯಿಲ್ಲದೆ ಬಳಸುವಂತಿಲ್ಲ. ಹಳೆಯ ಅಂಕಿಗಳನ್ನೇ ಎರಡು ಪಾಲು ಮಾಡಿ ಒಂದರಲ್ಲಿ ಕಲಿಸಿ ಇನ್ನೊಂದರಲ್ಲಿ ಪರೀಕ್ಷಿಸುವ ರೂಢಿಯ ಕ್ರಮ ಈ ಅಪಾಯವನ್ನು ತೋರಿಸಿಕೊಡುವುದಿಲ್ಲ, ಏಕೆಂದರೆ ಎರಡೂ ಪಾಲು ಹಳೆಯ ಲೋಕಕ್ಕೇ ಸೇರಿದವು. ಅದೇ ರೀತಿ, ಒಂಬತ್ತಕ್ಕೆ ಕೆಲಸದಲ್ಲಿ ಇರಲೇಬೇಕಾದವರಿಗೆ ಸರಾಸರಿ ಪ್ರಯಾಣದ ಸಮಯದಿಂದ ಹೆಚ್ಚಿನ ಉಪಯೋಗವಿಲ್ಲ. ಹತ್ತರಲ್ಲಿ ಒಂಬತ್ತು ದಿನ ಎಷ್ಟು ಹೊತ್ತಿನೊಳಗೆ ತಲುಪಬಹುದು ಎಂಬ ಅಂದಾಜು ಅವರಿಗೆ ಬೇಕು. 1978ರಲ್ಲಿ ಕೋಂಕರ್ ಮತ್ತು ಬ್ಯಾಸೆಟ್ ರೂಪಿಸಿದ ಕ್ವಾಂಟೈಲ್ ರಿಗ್ರೆಷನ್ ಕೊಡುವುದು ಆ ಅಂದಾಜನ್ನು. ಎಲೆಕ್ಟ್ರಾನಿಕ್ ಸಿಟಿಯ ಜೀವವಿಜ್ಞಾನ ಸಂಸ್ಥೆಗಳಲ್ಲಿ ತೊಂದರೆ ಮತ್ತೊಂದು ಬಗೆಯದು. ಮನುಷ್ಯನ ಸುಮಾರು 20,000 ಜೀನ್‌ಗಳ ಮಾಹಿತಿ ಇರುತ್ತದೆ, ರೋಗಿಗಳು ನೂರರ ಲೆಕ್ಕದಲ್ಲಿರುತ್ತಾರೆ. ಲ್ಯಾಸೊ ಕೆಲವೇ ಜೀನ್‌ಗಳನ್ನು ಆರಿಸಿಕೊಡುತ್ತದೆ. ಆದರೆ ಜೊತೆಜೊತೆಗೆ ಏರಿಳಿಯುವ ಜೀನ್‌ಗಳ ಗುಂಪಿನಿಂದ ಅದು ಬಹುಮಟ್ಟಿಗೆ ಒಂದನ್ನೇ ಎತ್ತಿಕೊಂಡು ಉಳಿದವನ್ನು ಬಿಟ್ಟುಬಿಡುತ್ತದೆ. ಈ ಕೊರತೆ ನೀಗಿಸಲೆಂದೇ 2005ರಲ್ಲಿ ಜೌ ಮತ್ತು ಹೇಸ್ಟಿ ಎಲಾಸ್ಟಿಕ್ ನೆಟ್ ವಿಧಾನ ತಂದರು. ಲ್ಯಾಸೊದ ಈ ಕೊರತೆಯನ್ನು ಅರಿಯದವರು ಅದು ಕೊಟ್ಟ ಪಟ್ಟಿಯನ್ನು ರೋಗದ ಕಾರಣಗಳ ಪಟ್ಟಿ ಎಂದು ಓದಿಬಿಡುತ್ತಾರೆ.

ಆಕ್ಷೇಪಗಳಿಗೆ ಉತ್ತರ

ಈ ವಾದಕ್ಕೆ ಗಟ್ಟಿಯಾದ ಮೊದಲ ಆಕ್ಷೇಪ ಹೀಗಿದೆ: ಊಹೆ ನಿಖರವಾಗಿದ್ದರೆ ಸಾಕು, ಗುಣಾಂಕಗಳ ಅರ್ಥ ಕಟ್ಟಿಕೊಂಡು ಏನಾಗಬೇಕು? ರ‍್ಯಾಂಡಮ್ ಫಾರೆಸ್ಟ್ ರೂಪಿಸಿದ ಲಿಯೊ ಬ್ರೈಮನ್ 2001ರಲ್ಲಿ ಇದೇ ನಿಲುವಿನಿಂದ ಸಂಖ್ಯಾಶಾಸ್ತ್ರಜ್ಞರನ್ನು ಕಟುವಾಗಿ ಟೀಕಿಸಿದ್ದರು. ಅಂಕಿಗಳು ಹುಟ್ಟುವ ಬಗೆಯ ಬಗ್ಗೆ ಕಲ್ಪಿತ ಮಾದರಿಗಳನ್ನು ನಂಬಿ ಕೂರುವ ಅಭ್ಯಾಸ ಶಾಸ್ತ್ರಕ್ಕೆ ಹಾನಿ ಮಾಡಿದೆ ಎಂಬ ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಬ್ರೈಮನ್ ಆ ನಿಲುವಿಗೆ ಬಂದದ್ದು ವಿಶ್ವವಿದ್ಯಾಲಯ ಬಿಟ್ಟು ವರ್ಷಗಟ್ಟಲೆ ಸಲಹೆಗಾರರಾಗಿ ದುಡಿದು, ನಿಜವಾದ ಸಮಸ್ಯೆಗಳ ಜೊತೆ ಹೆಣಗಿದ ಮೇಲೆ. ತೊಂದರೆಯನ್ನು ಹತ್ತಿರದಿಂದ ಬಲ್ಲವರಾದ್ದರಿಂದಲೇ ಅವರಿಗೆ ಹೊಸ ದಾರಿ ಹೊಳೆಯಿತು. ಇನ್ನು ಪ್ಲೇಟಿಂಗ್ ಘಟಕದ ಮಾಲೀಕರಿಗೆ ನಾಳೆಯ ಲೇಪನದ ದಪ್ಪವನ್ನು ಮೊದಲೇ ಊಹಿಸಿ ಹೇಳಿದರೆ ಅರ್ಧ ಉಪಕಾರವಾದೀತು ಅಷ್ಟೆ. ದಪ್ಪ ಸರಿಯಾಗಿ ಬರಲು ಏನನ್ನು ಎಷ್ಟು ಬದಲಿಸಬೇಕು ಎಂಬುದು ಅವರ ಪ್ರಶ್ನೆ. ಊಹೆಯ ನಿಖರತೆ ಎಷ್ಟಿದ್ದರೂ ಆ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಎರಡನೆಯ ಆಕ್ಷೇಪ ಉದ್ಯೋಗದ್ದು. ಕಂಪನಿಗಳು ಕೇಳುವುದು ಸಾಫ್ಟ್‌ವೇರ್ ಕೌಶಲ, ನಾಲ್ಕು ಸೆಮಿಸ್ಟರಿನಲ್ಲಿ ಅದನ್ನು ಕಲಿಸುವುದೇ ಕಷ್ಟ ಎನ್ನುತ್ತಾರೆ. ಊರಿನಿಂದ ಬಂದು, ಪೇಯಿಂಗ್ ಗೆಸ್ಟ್ ಆಗಿದ್ದುಕೊಂಡು ಓದುವ ವಿದ್ಯಾರ್ಥಿಗೆ ಕೆಲಸ ಸಿಗುವುದು ಬದುಕಿನ ಪ್ರಶ್ನೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಸಾಧನಗಳು ಬೇಗ ಹಳೆಯವಾಗುತ್ತವೆ. ಒಂದು ಕಾಲಕ್ಕೆ ವಿಶ್ಲೇಷಣೆಯ ಕೆಲಸವೆಂದರೆ ಎಸ್‌ಎಎಸ್ ಎಂಬಂತಿತ್ತು. ಆಮೇಲೆ ಆರ್ ಬಂತು, ಪೈಥಾನ್ ಬಂತು. ಈಗ ಮಾಡೆಲ್ ಕಟ್ಟುವ ಕೋಡನ್ನು ಕೃತಕ ಬುದ್ಧಿಮತ್ತೆಯೇ ಬರೆದುಕೊಡುತ್ತಿದೆ. ಕೋಡ್ ಬರೆಯುವುದು ಅಗ್ಗವಾದಷ್ಟೂ ಬಂದ ಉತ್ತರ ಸರಿಯೇ ಎಂದು ತೂಗಿ ನೋಡುವ ತಿಳಿವಳಿಕೆಯ ಬೆಲೆ ಏರುತ್ತದೆ. ಒಂದು ಸರಳ ಲೆಕ್ಕ ಸಾಕು: ಫಲಿತಾಂಶಕ್ಕೆ ಯಾವ ಸಂಬಂಧವೂ ಇಲ್ಲದ ಇಪ್ಪತ್ತು ಅಂಶಗಳನ್ನು ಒಂದೊಂದಾಗಿ ಶೇ 5ರ ಮಟ್ಟದಲ್ಲಿ ಸ್ವತಂತ್ರವಾಗಿ ಪರೀಕ್ಷಿಸಿದರೆ, ಕನಿಷ್ಠ ಒಂದಾದರೂ ಮುಖ್ಯವೆಂದು ತೋರಿಬರುವ ಸಂಭವ ಶೇ 64. ಅಂಶಗಳನ್ನು ಆರಿಸಿದ ಅಂಕಿಗಳಿಂದಲೇ ಅವುಗಳ ಮಹತ್ವವನ್ನೂ ಸಾರುವ ವರದಿಗಳಲ್ಲಿ ಈ ಮೋಸ ಅಡಗಿರುತ್ತದೆ. ಅದನ್ನು ಹಿಡಿದು ತೋರಿಸಬಲ್ಲ ಪದವೀಧರರು ಸಾಧನ ಬದಲಾದರೂ ಕೆಲಸ ಕಳೆದುಕೊಳ್ಳಲಾರರು.

ಮೂರನೆಯದು ಕಾರ್ಯಸಾಧ್ಯತೆಯ ಪ್ರಶ್ನೆ. ಸಣ್ಣ ಘಟಕಗಳ ಬಳಿ ಅಚ್ಚುಕಟ್ಟಾದ ದತ್ತಾಂಶ ಎಲ್ಲಿದೆ? ಇದ್ದರೂ ಗ್ರಾಹಕ ಕಂಪನಿಯ ಗುಟ್ಟನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡುತ್ತಾರೆಯೇ? ರಿಜಿಸ್ಟರುಗಳು ಕೈಬರಹದಲ್ಲಿರುತ್ತವೆ, ಕೆಲವು ದಿನಗಳ ಪುಟ ಖಾಲಿ ಇರುತ್ತದೆ, ಸಾಲುಗಳು ನಲವತ್ತೋ ಐವತ್ತೋ ಇದ್ದಾವು. ಆದರೆ ಸಿದ್ಧಾಂತ ಅತಿ ಹೆಚ್ಚು ಬೇಕಾಗುವುದು ಅಂಕಿಗಳು ಕಡಿಮೆ ಇರುವಲ್ಲಿಯೇ. ಪುಟ ಖಾಲಿ ಬಿಟ್ಟದ್ದು ಯಾಕೆ ಎಂದು ಕೇಳಿದರೆ ಆ ದಿನ ಮಷಿನ್ ಕೆಟ್ಟಿತ್ತು ಎಂಬ ಉತ್ತರ ಸಿಗುತ್ತದೆ. ಆಗ ಕಾಣೆಯಾದ ಅಂಕಿಗಳ ಸಿದ್ಧಾಂತಕ್ಕೆ ಅರ್ಥ ಬರುತ್ತದೆ. ಗುಟ್ಟಿನ ವಿಷಯಕ್ಕೆ ಪರಿಹಾರ ಗಣಿತದಲ್ಲೇ ಇದೆ. ಬಿಡಿಭಾಗದ ಹೆಸರು ಅಳಿಸಿ, ದಪ್ಪದ ಅಳತೆಗಳನ್ನೆಲ್ಲ ಮಾಲೀಕರಿಗೆ ಮಾತ್ರ ಗೊತ್ತಿರುವ ಒಂದು ಸಂಖ್ಯೆಯಿಂದ ಗುಣಿಸಿ ಕೊಟ್ಟರೆ, ಗುಣಾಂಕಗಳೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ವಿಶ್ಲೇಷಣೆಯ ತೀರ್ಮಾನ ಬದಲಾಗುವುದಿಲ್ಲ. ಲಾಗರಿದಮ್ ಮಾದರಿಯಲ್ಲಂತೂ ಸ್ಥಿರಾಂಕ ಒಂದು ಮಾತ್ರ ಸರಿಯುತ್ತದೆ.

ಇದೆಲ್ಲ ಗಣಿತವನ್ನು ತೆಳುಗೊಳಿಸುವ ಹುನ್ನಾರ ಎಂದು ಅಧ್ಯಾಪಕರಿಗೆ ಅನ್ನಿಸಬಹುದು. ಇಲ್ಲಿ ಕೇಳುತ್ತಿರುವುದು ಗಣಿತವನ್ನು ಇನ್ನಷ್ಟು ಆಳವಾಗಿ ಕಲಿಸಿ ಎಂದು. ಕನಿಷ್ಠ ವರ್ಗಗಳ ವಿಧಾನ ಯಾವ ಷರತ್ತಿನಲ್ಲಿ ಶ್ರೇಷ್ಠ ಎಂದು ಗೌಸ್-ಮಾರ್ಕೊವ್ ಪ್ರಮೇಯ ಹೇಳುತ್ತದೆ. ಗುಣಾಂಕಗಳನ್ನು ಹಿಡಿಯುವ ಬಿಗಿಯನ್ನು ತಕ್ಕಷ್ಟು ಆರಿಸಿದರೆ ಕನಿಷ್ಠ ವರ್ಗಗಳ ವಿಧಾನಕ್ಕಿಂತ ಕಡಿಮೆ ತಪ್ಪು ಮಾಡುವ ರಿಡ್ಜ್ ಅಂದಾಜು ಇದ್ದೇ ಇರುತ್ತದೆ ಎಂದು ಹೋರ್ಲ್ ಮತ್ತು ಕೆನಾರ್ಡ್ ಸಾಧಿಸಿದರು. ಎರಡೂ ಸಾಧನೆಗಳನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ನೋಡಿದವರಿಗೆ ಮಾತ್ರ ಇವು ಪರಸ್ಪರ ವಿರುದ್ಧವಲ್ಲ ಎಂಬುದು ತಿಳಿಯುತ್ತದೆ: ಮೊದಲನೆಯದು ಪಕ್ಷಪಾತವಿಲ್ಲದ ಅಂದಾಜುಗಳ ನಡುವಿನ ಸ್ಪರ್ಧೆ, ಎರಡನೆಯದು ಆ ಷರತ್ತನ್ನು ಸಡಿಲಿಸಿದ್ದು. ಪ್ರಮೇಯವನ್ನಷ್ಟೇ ಬಲ್ಲವರಿಗೆ ಅದನ್ನು ಎಲ್ಲಿ ಬಳಸಬೇಕೆಂದು ತೋಚದು, ಕೋಡನ್ನಷ್ಟೇ ಬಲ್ಲವರಿಗೆ ಬಳಸಿದ್ದು ತಪ್ಪೆಂದು ತೋಚದು.

ದಾರಿ ಹೊಸದಲ್ಲ

ತರಗತಿಯನ್ನೂ ಕಾರ್ಖಾನೆಯನ್ನೂ ಬೆಸೆಯುವ ಪ್ರಯತ್ನ ನಮ್ಮ ದೇಶಕ್ಕೆ ಹೊಸದಲ್ಲ. ಪಿ.ಸಿ. ಮಹಲನೋಬಿಸ್ 1931ರಲ್ಲಿ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸ್ವಾತಂತ್ರ್ಯದ ಹೊತ್ತಿನಲ್ಲೇ ಗುಣಮಟ್ಟ ನಿಯಂತ್ರಣದ ಪ್ರವರ್ತಕ ವಾಲ್ಟರ್ ಶೂಹಾರ್ಟ್ ಅವರನ್ನು ಕರೆಸಿಕೊಂಡಿತ್ತು. 1950ರ ದಶಕದಲ್ಲಿ ಕೈಗಾರಿಕೆಗಳ ನೆರವಿಗೆಂದು ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಗುಣಮಟ್ಟ ನಿಯಂತ್ರಣ ಘಟಕಗಳನ್ನು ತೆರೆಯಿತು. ಮುಂದೆ ಜಗತ್ಪ್ರಸಿದ್ಧರಾದ ಜಪಾನಿನ ಗೆನಿಚಿ ಟಗುಚಿ ಅದೇ ದಶಕದಲ್ಲಿ ಆ ಸಂಸ್ಥೆಗೆ ಬಂದು ಕೆಲಸ ಮಾಡಿದ್ದರು. ಇಂದು ಆ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಅದಕ್ಕೆ ಸಮೀಪದಲ್ಲೇ ಇದೆ. 1999ರಲ್ಲಿ ವೈಟ್‌ಫೀಲ್ಡಿನ ಐಟಿಪಿಎಲ್‌ನಲ್ಲಿ ಶುರುವಾದ ಐಐಐಟಿ-ಬೆಂಗಳೂರು ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಪೀಣ್ಯಕ್ಕೆ 2014ರಿಂದಲೇ ಮೆಟ್ರೊ ಓಡುತ್ತಿದೆ. ಪಾಠ ಹೇಳುವವರೂ ಪಾಠವಾಗಬಲ್ಲ ತೊಂದರೆಗಳೂ ಒಂದೇ ನಗರದಲ್ಲಿ ಹೀಗೆ ಕೂಡಿಬಂದಿರುವುದು ದೊಡ್ಡ ಅನುಕೂಲ.

ಮಾಡಬೇಕಾದ ಕೆಲಸ ದೊಡ್ಡ ಹಣ ಬೇಡುವಂಥದಲ್ಲ. ರಿಗ್ರೆಷನ್ ಪತ್ರಿಕೆ ಓದುವ ಪ್ರತಿ ವಿದ್ಯಾರ್ಥಿಯೂ ಒಂದು ಸೆಮಿಸ್ಟರ್ ಕಾಲ ಒಂದು ಘಟಕದ ಜೊತೆ ಒಡನಾಡಲಿ. ಅಲ್ಲಿನ ಅಂಕಿಗಳನ್ನು ತಾನೇ ಬರೆದುಕೊಳ್ಳಲಿ, ಅವು ಹೇಗೆ ಹುಟ್ಟಿದವು ಎಂದು ಕೆಲಸಗಾರರನ್ನೇ ಕೇಳಲಿ. ಮೊದಲು ಸರಳರೇಖೆ ಎಳೆದು, ಮಾದರಿ ವಿವರಿಸಲಾಗದೆ ಬಿಟ್ಟ ಉಳಿಕೆಗಳನ್ನು ಚಿತ್ರ ಬಿಡಿಸಿ ನೋಡಲಿ. 1973ರಲ್ಲಿ ಫ್ರಾನ್ಸಿಸ್ ಆನ್‌ಸ್ಕೋಂಬ್ ನಾಲ್ಕು ಪುಟ್ಟ ಅಂಕಿಪಟ್ಟಿಗಳನ್ನು ಮುಂದಿಟ್ಟರು. ನಾಲ್ಕಕ್ಕೂ ಸರಾಸರಿ, ಸಹಸಂಬಂಧ, ರಿಗ್ರೆಷನ್ ರೇಖೆ ಹೆಚ್ಚುಕಡಿಮೆ ಒಂದೇ. ಚಿತ್ರ ಬಿಡಿಸಿದಾಗ ನಾಲ್ಕೂ ಬೇರೆ ಬೇರೆ ಕತೆ ಹೇಳಿದವು. ಉಳಿಕೆಗಳು ಏನನ್ನು ದೂರುತ್ತಿವೆ ಎಂದು ಗುರುತಿಸಿದ ಮೇಲೆ ಅದಕ್ಕೆ ತಕ್ಕ ಹೊಸ ವಿಧಾನವನ್ನು ವಿದ್ಯಾರ್ಥಿ ಆರಿಸಲಿ, ಆ ಆಯ್ಕೆಯನ್ನು ತರಗತಿಯ ಮುಂದೆ ಸಮರ್ಥಿಸಲಿ. ಕೊನೆಗೆ ಘಟಕದವರಿಗೆ ಅವರ ಮಾತಿನಲ್ಲಿ, ಕನ್ನಡದಲ್ಲೇ, ಎರಡು ಪುಟದ ವರದಿ ಕೊಡಲಿ. ಕೆಲಸಗಾರರಿಗೆ ಅರ್ಥವಾಗುವಂತೆ ಬರೆಯಲು ಬಂದರೆ ವಿದ್ಯಾರ್ಥಿಗೂ ಅರ್ಥವಾಗಿದೆ ಎಂದು ತಿಳಿಯಬಹುದು. ರಿಜೆಕ್ಷನ್ ಒಂದಿಷ್ಟು ಕಡಿಮೆಯಾದರೆ ಅದರ ಲಾಭ ಘಟಕಕ್ಕೆ. ಯಾವ ವಿಧಾನ ಯಾಕೆ ಬೇಕು ಎಂಬ ತಿಳಿವು ವಿದ್ಯಾರ್ಥಿಗೆ. ಆ ತಿಳಿವು ಪಡೆದವರು ನಾಳೆ ವೈಟ್‌ಫೀಲ್ಡಿನಲ್ಲಿ ಕೂತು ಬ್ಯಾಂಕಿನ ಸಾಲಕ್ಕೋ ಆಸ್ಪತ್ರೆಯ ಚಿಕಿತ್ಸೆಗೋ ಮಾದರಿ ಕಟ್ಟುವಾಗ, ಅಂಕಿಗಳ ಹಿಂದಿರುವ ಮನುಷ್ಯರ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳಿಯೇ ಮುಂದುವರಿಯುತ್ತಾರೆ. ಯಾರಿಗೆ ಸಾಲ ಸಿಗಬೇಕು, ಯಾರಿಗೆ ಚಿಕಿತ್ಸೆ ಮೊದಲು ಸಿಗಬೇಕು ಎಂಬಂಥ ನಿರ್ಧಾರಗಳು ಹೆಚ್ಚುಹೆಚ್ಚಾಗಿ ಇಂಥ ಮಾದರಿಗಳ ಕೈಗೆ ಹೋಗುತ್ತಿರುವ ಕಾಲದಲ್ಲಿ, ಅವುಗಳನ್ನು ಕಟ್ಟುವವರ ಕಲಿಕೆ ಗಟ್ಟಿಯಾಗಿರಬೇಕೆಂದು ಕೇಳುವ ಹಕ್ಕು ನಾಡಿನ ಪ್ರತಿಯೊಬ್ಬರಿಗೂ ಇದೆ.